ಒಲೆಗೂ ಒಂದು ರಜೆ

ಓದಲೆಂದು ಪರದೇಶಕ್ಕೆ ಬಂದವರಿಗೆ ಊರು ಮೊದಲು ನೆನಪಾಗುವುದು ನಾಲಿಗೆಯಲ್ಲಿ. ನಾಲ್ಕು ಜನ ಕನ್ನಡಿಗರು ಸೇರಿದರೆ ಸಾಕು, ಒಬ್ಬರು ಅಮ್ಮ ಮಾಡುವ ತಂಬುಳಿಯ ಮಾತು ತೆಗೆಯುತ್ತಾರೆ, ಇನ್ನೊಬ್ಬರು ಜೋಳದ ರೊಟ್ಟಿ ಎಣ್ಣೆಗಾಯಿ ಎನ್ನುತ್ತಾರೆ, ಮತ್ತೊಬ್ಬರು ಅಜ್ಜಿಯ ಅಪ್ಪೆಹುಳಿ ನೆನೆದು ನಿಟ್ಟುಸಿರಿಡುತ್ತಾರೆ. ‘ಮನೇಲಿದ್ದಾಗ ಬೆಲೆ ಗೊತ್ತಾಗಲಿಲ್ಲ’ ಎಂಬ ಮಾತು ಹೇಗೂ ಬಂದೇ ಬರುತ್ತದೆ. ಎಲ್ಲರೂ ತಲೆದೂಗುತ್ತಾರೆ. ನಾನೂ ತಲೆದೂಗಿದವಳೇ. ಈಚೆಗೆ ಮಾತ್ರ ಆ ಮಾತು ಅರ್ಧಕ್ಕೇ ನಿಂತಿದೆ ಎನ್ನಿಸುತ್ತದೆ. ರುಚಿಗೆ ಕೃತಜ್ಞರಾಗುವುದು ಸುಲಭ. ಆ ರುಚಿಯ ಹಿಂದೆ ಕರಗಿದ ಹೊತ್ತಿಗೆ ಕೃತಜ್ಞರಾಗುವುದು ಕಷ್ಟ. ರುಚಿ ನೆನಪಿನಲ್ಲಿ ಉಳಿಯುತ್ತದೆ. ಹೊತ್ತು ಲೆಕ್ಕಕ್ಕೇ ಸಿಗುವುದಿಲ್ಲ.

ನನಗೆ ಆ ಲೆಕ್ಕ ಕಣ್ಣಿಗೆ ಬಿದ್ದದ್ದು ಜರ್ಮನಿಯ ಟ್ಯೂಬಿಂಗನ್ನಿನಲ್ಲಿ. ನೆಕ್ಕರ್ ನದಿಯ ದಡದ ಈ ಊರಿನ ಜನಸಂಖ್ಯೆ ಸುಮಾರು 90 ಸಾವಿರ, ವಿದ್ಯಾರ್ಥಿಗಳೇ ಸುಮಾರು 28 ಸಾವಿರ. ಬಸ್ಸಿನಲ್ಲಿ ಕೂತರೆ ಪಕ್ಕದಲ್ಲಿ ಪುಸ್ತಕ ಬಿಚ್ಚಿಕೊಂಡವರು ಒಬ್ಬರಾದರೂ ಇರುತ್ತಾರೆ. ನಾನು ಇಲ್ಲಿ ಡಾಕ್ಟರೇಟ್‌ಗೆ ಓದುತ್ತಿದ್ದೇನೆ. ಊರಿನಲ್ಲಿ ಇಂಜಿನಿಯರ್ ಆಗಿದ್ದ ನನ್ನ ಗಂಡ ಕುಟುಂಬದ ವೀಸಾದಲ್ಲಿ ಜೊತೆಗೆ ಬಂದರು. ಬೆಳಿಗ್ಗೆ ಜರ್ಮನ್ ಭಾಷೆಯ ತರಗತಿ, ಮಿಕ್ಕ ಹೊತ್ತು ಮನೆ ಮತ್ತು ಮಗಳು. ಈ ಊರಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಆಚೆಯಿಂದ ಬಂದ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ. ಡಾಕ್ಟರೇಟ್ ಮಾಡುವವರಿಗೆ ಆ ಶುಲ್ಕವಿಲ್ಲ. ಅಂದರೆ ನನ್ನ ಓದಿಗೆ ಈ ರಾಜ್ಯದ ತೆರಿಗೆದಾರರು ಹಣ ಕೊಡುತ್ತಾರೆ. ಆ ಋಣ ಕಾಗದದ ಮೇಲಿದೆ, ಬಾಯಿಬಿಟ್ಟು ಹೇಳಬಹುದು. ಕಾಗದದ ಮೇಲಿಲ್ಲದ್ದು ಮನೆಯೊಳಗಿನದು.

ಅದನ್ನು ಮೊದಲು ತೋರಿಸಿಕೊಟ್ಟದ್ದು ಗಡಿಯಾರ. ಚಳಿಗಾಲದಲ್ಲಿ ಇಲ್ಲಿಗೂ ನಮ್ಮೂರು ಸಾಗರಕ್ಕೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ನಾನು ಬೆಳಿಗ್ಗೆ ಆರಕ್ಕೆ ಎದ್ದು ಫೋನ್ ಮಾಡಿದರೆ ಅಲ್ಲಿ ಹತ್ತೂವರೆ, ಅಮ್ಮ ಮಧ್ಯಾಹ್ನದ ಅಡುಗೆಗೆ ತರಕಾರಿ ಹೆಚ್ಚುತ್ತಿರುತ್ತಾಳೆ. ಮಧ್ಯಾಹ್ನ ಪ್ರಯೋಗಾಲಯದ ಬಿಡುವಿನಲ್ಲಿ ಮಾಡಿದರೆ ಅಲ್ಲಿ ಸಂಜೆ, ಕಾಫಿ ಸೋಸುವ ಸದ್ದು. ಸಂಜೆ ಮನೆಗೆ ಬಂದು ಆರೂವರೆಗೆ ಮಾಡಿದರೆ ಅಲ್ಲಿ ರಾತ್ರಿ ಹನ್ನೊಂದು, ಗ್ಯಾಸ್ ಕಟ್ಟೆ ಒರೆಸುತ್ತಿರುತ್ತಾಳೆ. ಊರಿನಲ್ಲಿದ್ದಾಗ ಅವಳ ದಿನದ ಒಂದೆರಡು ತುಂಡು ಮಾತ್ರ ನನಗೆ ಕಾಣುತ್ತಿತ್ತು, ಏಕೆಂದರೆ ನಾನು ಎದ್ದಿರುವ ಹೊತ್ತಿಗಿಂತ ಅವಳು ಎದ್ದಿರುವ ಹೊತ್ತು ದೊಡ್ಡದು. ಏಳು ಸಾವಿರ ಕಿಲೋಮೀಟರ್ ದೂರದಿಂದ, ಬೇರೆ ಬೇರೆ ಹೊತ್ತಿನಲ್ಲಿ ಫೋನ್ ಮಾಡಿದಾಗ ಆ ದಿನ ಪೂರ್ತಿ ಕಾಣಿಸಿತು. ಯಾವ ಗಂಟೆಗೆ ಮಾಡಿದರೂ ಹಿನ್ನೆಲೆಯಲ್ಲಿ ಕುಕ್ಕರೋ ನಲ್ಲಿಯೋ ಸದ್ದು ಮಾಡುತ್ತಿತ್ತು.

ಅಮ್ಮ ಪ್ರಾಥಮಿಕ ಶಾಲೆಯ ಕನ್ನಡ ಟೀಚರ್ ಆಗಿದ್ದವಳು. ಐದಕ್ಕೆ ಎದ್ದು ತಿಂಡಿ, ಬುತ್ತಿ, ಒಂಬತ್ತಕ್ಕೆ ಶಾಲೆ, ಸಂಜೆ ಮತ್ತೆ ಒಲೆ. ನಿವೃತ್ತಿಯಾದ ದಿನ ಶಾಲೆಯವರು ಶಾಲು ಹೊದಿಸಿ ವಿಶ್ರಾಂತ ಜೀವನ ಸುಖವಾಗಿರಲಿ ಎಂದು ಹಾರೈಸಿದರು. ನಿವೃತ್ತಿಯಾದದ್ದು ಎರಡರಲ್ಲಿ ಒಂದು ಕೆಲಸದಿಂದ ಮಾತ್ರ ಎಂದು ಆ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಇಲ್ಲಿ ಮನೆಗೆಲಸ ಯಾರ ಮರೆಗೂ ಹೋಗಿ ನಿಲ್ಲುವುದಿಲ್ಲ. ಪಾತ್ರೆಗೆ ಬರುವವರಿಲ್ಲ, ಬೀದಿ ಕೊನೆಯಲ್ಲಿ ಹೂವಿನವಳಿಲ್ಲ, ‘ಸ್ವಲ್ಪ ಮಗು ನೋಡ್ಕೊಳ್ಳಿ’ ಎನ್ನಲು ಪಕ್ಕದ ಮನೆಯ ಅತ್ತೆಯಿಲ್ಲ. ಮಗಳನ್ನು ಶಿಶುವಿಹಾರಕ್ಕೆ ಸೇರಿಸಿದಾಗ ಅವಳು ಅಲ್ಲಿಗೆ ಹೊಂದಿಕೊಳ್ಳುವವರೆಗೆ ತಂದೆಯೋ ತಾಯಿಯೋ ಜೊತೆಗಿರಬೇಕು ಎಂದರು. ಇಲ್ಲಿ ಅದು ಎಲ್ಲ ಕಡೆ ಇರುವ ಪದ್ಧತಿ. ಮೊದಲು ಒಂದು ಗಂಟೆ, ಆಮೇಲೆ ಎರಡು, ಆಮೇಲೆ ತಂದೆ ಹತ್ತು ನಿಮಿಷ ಹೊರಗೆ ಹೋಗಿ ಬರುವುದು, ಹೀಗೆ ಹಂತ ಹಂತವಾಗಿ. ವಾರಗಟ್ಟಲೆ ನನ್ನ ಗಂಡ ಆ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತರು. ಊಟಕ್ಕೆ ಮೊದಲು ಮಕ್ಕಳೆಲ್ಲ ಮೇಜಿನ ಸುತ್ತ ಕೈ ಕೈ ಹಿಡಿದು ಒಂದು ಶಿಶುಪ್ರಾಸ ಹೇಳುವುದನ್ನು ಮಗಳಿಗಿಂತ ಮೊದಲು ಅವರೇ ಕಲಿತರು. ಚಳಿಗಾಲದಲ್ಲಿ ಮೊಸರು ಹೆಪ್ಪಾಗುವುದಿಲ್ಲ ಎಂದು ತಿಳಿದು, ಓವನ್ನಿನ ದೀಪವನ್ನಷ್ಟೇ ಹಚ್ಚಿ ಒಳಗೆ ಪಾತ್ರೆ ಇಡುವ ಉಪಾಯ ಕಂಡುಕೊಂಡರು. ಶಿಕ್ಷಕಿಯರ ಕೊರತೆಯಿಂದ ಶಿಶುವಿಹಾರ ಬೇಗ ಮುಚ್ಚುವ ದಿನ, ಓಡಿ ಹೋಗಿ ಮಗುವನ್ನು ಕರೆತರುವವರೂ ಅವರೇ. ನನ್ನ ಪ್ರಯೋಗ ಅರ್ಧಕ್ಕೆ ನಿಲ್ಲದಿರುವುದು ಇವೆಲ್ಲದರ ಮೇಲೆ ನಿಂತಿದೆ. ನನ್ನ ಹೆಸರಿನಲ್ಲಿ ಬರುವ ಲೇಖನದಲ್ಲಿ ಆ ಪುಟ್ಟ ಕುರ್ಚಿಯ ಹೆಸರು ಬರುವುದಿಲ್ಲ.

ನಾವಿರುವ ಕಟ್ಟಡದಲ್ಲಿ ಒಂದು ಪುಟ್ಟ ಮರದ ಹಲಗೆಯಿದೆ. ಅದು ವಾರಕ್ಕೊಂದು ಮನೆಯ ಬಾಗಿಲಿಗೆ ಹೋಗಿ ನೇತುಬೀಳುತ್ತದೆ. ಯಾರ ಬಾಗಿಲಲ್ಲಿ ಹಲಗೆ ಇದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಪಾಳಿ. ದೊಡ್ಡ ಪಾಳಿ ಬಂದರೆ ಅಂಗಳ, ನೆಲಮಾಳಿಗೆ, ರಸ್ತೆಬದಿಯ ಕಾಲುದಾರಿ ಎಲ್ಲ ಸೇರುತ್ತದೆ. ಹಿಮ ಬಿದ್ದರೆ ಜನ ಓಡಾಡುವ ಮೊದಲೇ ಸಲಿಕೆ ಹಿಡಿಯಬೇಕು. ಇದಕ್ಕೆ ಕೇರ್‌ವೊಖೆ ಎನ್ನುತ್ತಾರೆ. ಜರ್ಮನಿಯ ಬೇರೆ ಕಡೆಯವರು ಇದನ್ನು ವ್ಯುರ್ಟೆಂಬರ್ಗ್ ಜನರ ಅತಿ ಶಿಸ್ತು ಎಂದು ಗೇಲಿ ಮಾಡುವುದೂ ಉಂಟು. ಮೇಲಿನ ಮಹಡಿಯಲ್ಲಿರುವ ನಿವೃತ್ತ ವೈದ್ಯರು ತಮ್ಮ ವಾರ ಬಂದಾಗ ಬಕೆಟ್ಟು ಹಿಡಿದು ಇಳಿಯುತ್ತಾರೆ, ನಮ್ಮ ವಾರ ಬಂದಾಗ ನಾವು. ಹಲಗೆಗೆ ಪದವಿ ಗೊತ್ತಿಲ್ಲ, ಗಂಡು ಹೆಣ್ಣು ಗೊತ್ತಿಲ್ಲ.

ಈ ಪಾಳಿಗೂ ಇಲ್ಲಿನ ವಿದ್ಯೆಗೂ ಒಬ್ಬನೇ ಮೂಲಪುರುಷ. 1477ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವನು ವ್ಯುರ್ಟೆಂಬರ್ಗಿನ ದೊರೆ, ಗಡ್ಡದ ಎಬರ್ಹಾರ್ಡ್. ಅವನ ಕಾಲದಲ್ಲೇ, 1492ರಲ್ಲಿ, ಸ್ಟುಟ್‌ಗಾರ್ಟ್ ಪಟ್ಟಣಕ್ಕೆ ಬಂದ ಕಟ್ಟಳೆಯೊಂದು ಊರವರೆಲ್ಲ ತಮ್ಮ ತಮ್ಮ ಮನೆಯ ಕೊಳಕನ್ನು ವಾರ ವಾರ ಊರ ಹೊರಗೆ ಸಾಗಿಸಬೇಕೆಂದು ವಿಧಿಸಿತು. ಇಂದಿನ ಹಲಗೆಯ ಪಾಳಿಗೆ ಅದೇ ಬೇರು ಎಂದು ಇಲ್ಲಿನವರು ಹೇಳುತ್ತಾರೆ. ವಿಶ್ವವಿದ್ಯಾಲಯ ಕಟ್ಟಲು ಮಗನಿಗೆ ಒತ್ತಾಸೆಯಾಗಿ ನಿಂತವಳು ತಾಯಿ ಮೆಖ್‌ಟಿಲ್ಡ್, ಆ ಕಾಲದಲ್ಲಿ ಪುಸ್ತಕಗಳನ್ನು ಪ್ರೀತಿಸಿದ ಅರಸುಮನೆತನದ ಹೆಂಗಸು. ಓದಿನ ಮನೆಗೂ ಪೊರಕೆಗೂ ಒಂದೇ ಆಳ್ವಿಕೆಯಲ್ಲಿ ಜಾಗ ಸಿಕ್ಕಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಜ್ಞಾನ ಎತ್ತರದ್ದು, ಗುಡಿಸುವುದು ತಗ್ಗಿನದು ಎಂಬ ನಮ್ಮ ಹಳೆಯ ಲೆಕ್ಕಕ್ಕೆ ಇದು ಸರಿಹೊಂದುವುದಿಲ್ಲ.

ಅಮ್ಮ ಬಂದಳು. ಪ್ರವಾಸಿ ವೀಸಾದಲ್ಲಿ ಬಂದವರು 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಆ ಮೂರು ತಿಂಗಳನ್ನು ಅವಳು ನಮ್ಮ ಅಡುಗೆಮನೆಯಲ್ಲಿ ಕಳೆಯಲೆಂದೇ ಹೊರಟಿದ್ದಳು ಎನ್ನುವುದು ಪೆಟ್ಟಿಗೆ ಬಿಚ್ಚಿದಾಗಲೇ ಗೊತ್ತಾಯಿತು. ಸಾರಿನ ಪುಡಿ, ವಾಟೆಹುಳಿ, ಕೋಕಂ, ಹಪ್ಪಳ, ಕಡುಬಿನ ಬಟ್ಟೆ. ಸೀರೆ ಇದ್ದದ್ದು ನಾಲ್ಕೇ. ಮಾರನೆಯ ಬೆಳಿಗ್ಗೆ ಎದ್ದು ಬಂದವಳು ಅಳಿಯ ದೋಸೆ ಹುಯ್ಯುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ನನ್ನನ್ನು ಮೂಲೆಗೆ ಕರೆದು, ‘ಅಳಿಯಂದ್ರು ಒಲೆ ಮುಂದೆ ನಿಂತ್ರೆ ನಾನು ಹೆಂಗೆ ಕೂತ್ಕೊಂಡು ತಿನ್ನೋದು ಮಾರಾಯ್ತಿ? ಊರಲ್ಲಿ ಯಾರಿಗಾದ್ರೂ ಗೊತ್ತಾದ್ರೆ?’ ಎಂದಳು. ‘ಊರಲ್ಲಿ ಗೊತ್ತಾಗ್ಲಿ ಬಿಡಮ್ಮ’ ಎಂದೆ. ದೋಸೆ ಚೆನ್ನಾಗಿತ್ತು. ಅದನ್ನು ಅವಳು ಒಪ್ಪಿಕೊಳ್ಳಲು ವಾರ ಹಿಡಿಯಿತು.

ಕೆಲಸ ಮಾಡುವುದು ಅಮ್ಮನಿಗೆ ಬರುತ್ತದೆ, ಸುಮ್ಮನೆ ಕೂರುವುದು ಬರುವುದಿಲ್ಲ. ಕೂತರೆ ಎದ್ದು ಬಟ್ಟೆ ಮಡಚುತ್ತಾಳೆ, ಮಡಚಿದ್ದನ್ನೇ ಮತ್ತೆ ಮಡಚುತ್ತಾಳೆ. ‘ಇಲ್ಲಿ ನಂಗೆ ಏನೂ ಕೆಲ್ಸಾನೇ ಇಲ್ಲ’ ಎಂದು ಮುಖ ಸಣ್ಣ ಮಾಡುತ್ತಾಳೆ. ಇದನ್ನು ನೋಡಿ ನನಗೊಂದು ಅನುಮಾನ ಬಂತು. ಬೇಡದವರಿಗೆ ಬಿಡುವು ಕೊಟ್ಟು ನಾವು ಅವಳ ಜಾಗವನ್ನೇ ಕಿತ್ತುಕೊಳ್ಳುತ್ತಿದ್ದೇವೆಯೇ? ಮನೆಯವರಿಗಾಗಿ ಬೇಯಿಸಿ ಬಡಿಸುವುದರಲ್ಲಿ ಅವಳಿಗೊಂದು ಸಂತೋಷವಿದೆ, ಒಂದು ಅಧಿಕಾರವೂ ಇದೆ. ಅದನ್ನು ಶೋಷಣೆ ಎಂದು ಒಂದೇ ಪದದಲ್ಲಿ ಮುಗಿಸಿದರೆ ಅವಳ ಬಾಳಿಗೇ ಅವಮಾನ. ಕೊನೆಗೆ ದಾರಿ ತೋರಿಸಿದ್ದು ಬಾಗಿಲಿನ ಹಲಗೆಯೇ. ಮನೆಯೊಳಗೂ ಪಾಳಿ ಮಾಡಿದೆವು. ವಾರಕ್ಕೆ ಎರಡು ದಿನ ಅಮ್ಮನ ಅಡುಗೆ, ಅವಳು ಹೇಳಿದ್ದೇ ಕೊನೆಯ ಮಾತು, ನಾವು ಕೇಳಬೇಕು. ಮಿಕ್ಕ ದಿನ ನಾವು ಮಾಡಿದ್ದು ಅವಳು ತಿನ್ನಬೇಕು, ಉಪ್ಪು ಹುಳಿ ನೋಡಲು ಒಳಗೆ ಬರಬಾರದು. ಕೆಲಸ ಉಳಿಯಿತು, ಆದರೆ ಅದಕ್ಕೊಂದು ಕೊನೆ ಬಂತು. ಕೊನೆಯಿಲ್ಲದ ಕೆಲಸಕ್ಕೂ ಪಾಳಿಯ ಕೆಲಸಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂದು ಆಗ ತಿಳಿಯಿತು. ಒಂದು ಮಧ್ಯಾಹ್ನ ನಾನು ಬೇಗ ಮನೆಗೆ ಬಂದರೆ ಅಮ್ಮ ಕಿಟಕಿಯ ಬಳಿ ದಪ್ಪ ಕಾದಂಬರಿಯೊಂದನ್ನು ಓದುತ್ತಿದ್ದಳು. ನಲವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವಳು ಹಗಲು ಹೊತ್ತಿನಲ್ಲಿ ತನಗಾಗಿ ಪುಸ್ತಕ ಹಿಡಿದು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾನುವಾರ ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ‘ಹಾಲು ಮುಗಿದ್ರೆ ಏನ್ ಮಾಡ್ತೀರಿ?’ ಎಂದು ಅಮ್ಮ ಕೇಳಿದಳು. ಶನಿವಾರವೇ ತಂದಿಡಬೇಕು, ಇಲ್ಲವಾದರೆ ಕರಿ ಕಾಫಿ. ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿಗಳನ್ನು ತೊಟ್ಟಿಗೆ ಎಸೆದು ಸದ್ದು ಮಾಡುವಂತಿಲ್ಲ. ಭಾನುವಾರವನ್ನು ದುಡಿಮೆಯಿಂದ ಬಿಡುವಿನ ದಿನವಾಗಿ ಕಾಪಾಡಬೇಕು ಎಂಬ ಮಾತು 1919ರ ವೈಮಾರ್ ಸಂವಿಧಾನದಲ್ಲಿತ್ತು. 1949ರಲ್ಲಿ ಬಂದ ಈಗಿನ ಸಂವಿಧಾನವೂ ಆ ವಿಧಿಯನ್ನು ಹಾಗೇ ಉಳಿಸಿಕೊಂಡಿದೆ. ಬಿಡುವು ಸೋಮಾರಿತನವಲ್ಲ, ಅದನ್ನು ಕಾನೂನು ಮಾಡಿ ಕಾಯಬೇಕು ಎಂದು ಒಂದು ದೇಶ ಬರೆದಿಟ್ಟಿದೆ. ಹಾಗೆಂದು ಇಲ್ಲಿನ ಮನೆಯೊಳಗೆ ಎಲ್ಲವೂ ಸಮಸಮ ಎಂದುಕೊಳ್ಳಬೇಕಿಲ್ಲ. 2022ರಲ್ಲಿ ಜರ್ಮನಿ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ ಹೆಂಗಸರು ವಾರಕ್ಕೆ ಸುಮಾರು 30 ಗಂಟೆ ಸಂಬಳವಿಲ್ಲದ ಕೆಲಸ ಮಾಡಿದರೆ ಗಂಡಸರು ಮಾಡುವುದು ಸುಮಾರು 21 ಗಂಟೆ. ನಮ್ಮ ದೇಶದ 2024ರ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಐದು ಗಂಟೆಗೆ ಹತ್ತಿರ ಒಂದು ಕಡೆ, ಒಂದೂವರೆ ಗಂಟೆ ಇನ್ನೊಂದು ಕಡೆ. ಭಾನುವಾರದ ಕಾನೂನಿಗೆ ಅಂಗಡಿಯ ಬಾಗಿಲು ಕಾಣುತ್ತದೆ, ಅಡುಗೆಮನೆಯ ಬಾಗಿಲು ಎಲ್ಲಿಯೂ ಕಾಣುವುದಿಲ್ಲ.

ಈ ಊರಿನ ಕೋಟೆಯಲ್ಲಿ ಒಂದು ಅಡುಗೆಮನೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಶ್ವವಿದ್ಯಾಲಯ ಅದನ್ನು ರಸಾಯನಶಾಸ್ತ್ರದ ಪ್ರಯೋಗಾಲಯ ಮಾಡಿಕೊಂಡಿತ್ತು. 1869ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಕಲಿಯಲು ಬಂದಿದ್ದ ಫ್ರೀಡ್ರಿಖ್ ಮೀಷರ್ ಎಂಬ ತರುಣ ವೈದ್ಯ ಅಲ್ಲಿ ಕೂತು, ಆಸ್ಪತ್ರೆಯಿಂದ ತರಿಸಿದ ಗಾಯದ ಪಟ್ಟಿಗಳ ಕೀವಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದ. ನ್ಯೂಕ್ಲಿನ್ ಎಂದು ಅವನು ಕರೆದ ಅದೇ ಇಂದು ನಾವು ಡಿಎನ್‌ಎ ಎನ್ನುವುದು. ಈಗ ಅದು ಪುಟ್ಟ ವಸ್ತುಸಂಗ್ರಹಾಲಯ. ಅಮ್ಮನನ್ನು ಕರೆದುಕೊಂಡು ಹೋಗಿ ಇಷ್ಟೆಲ್ಲ ವಿವರಿಸಿದೆ. ಅವಳು ಕಮಾನು ಮಾಡನ್ನು ನೋಡಿ, ‘ಆ ಪಟ್ಟಿ ಬಿಚ್ಚಿ ಕೊಟ್ಟೋರು ಯಾರು? ಈ ಗಾಜಿನ ಸಾಮಾನೆಲ್ಲ ತೊಳೀತಿದ್ದೋರು ಯಾರು?’ ಎಂದಳು. ಹೆಸರು ಎಲ್ಲಿಯೂ ಬರೆದಿರಲಿಲ್ಲ.

ಕಿಟೆಲ್ ವಿಷಯದಲ್ಲೂ ಅವಳದು ಇಂಥದೇ ಪ್ರಶ್ನೆ. ಕನ್ನಡ ಟೀಚರಿಗೆ ಟ್ಯೂಬಿಂಗನ್ ಎಂದರೆ ಮೊದಲು ಕಿಟೆಲ್‌ರ ಊರು. 1853ರಲ್ಲಿ ನಮ್ಮ ನಾಡಿಗೆ ಬಂದು, 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ಕೋಶವನ್ನು ಮಂಗಳೂರಿನಿಂದ ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಇಲ್ಲೇ. ಅವರ ಮೊದಲ ಹೆಂಡತಿ ಪೌಲೀನೆ ಬೇಗ ತೀರಿಕೊಂಡಳು, ಆಮೇಲೆ ಅವಳ ಸೋದರಿಯನ್ನೇ ಮದುವೆಯಾದರು ಎಂದು ಹೇಳಿದಾಗ ಅಮ್ಮ ಕೋಶದ ಮಾತು ಬಿಟ್ಟು, ‘ಹಾಗಾದ್ರೆ ಅವಳ ಮಕ್ಕಳನ್ನ ಸಾಕಿದ್ದು ಚಿಕ್ಕಮ್ಮ’ ಎಂದಳು. ದೊಡ್ಡ ಕೆಲಸವೊಂದನ್ನು ನೋಡಿದಾಗ ಅದರ ಅಡುಗೆಮನೆ ಎಲ್ಲಿತ್ತು ಎಂದು ಹುಡುಕುವ ಕಣ್ಣು ಅವಳದು. ವರ್ಷಗಟ್ಟಲೆ ಸಂಶೋಧನೆಯ ತರಬೇತಿ ಪಡೆಯುತ್ತಿರುವ ನನಗೆ ಆ ಪ್ರಶ್ನೆಯನ್ನು ಯಾರೂ ಕಲಿಸಿರಲಿಲ್ಲ.

ಅದನ್ನು ಕೇಳಿದ ವಿಜ್ಞಾನಿಯೊಬ್ಬರು ಇದೇ ಊರಿನಲ್ಲಿದ್ದಾರೆ. ಹಣ್ಣಿನ ನೊಣದ ಭ್ರೂಣ ಹೇಗೆ ರೂಪು ತಳೆಯುತ್ತದೆ ಎಂಬುದನ್ನು ತೋರಿಸಿಕೊಟ್ಟು 1995ರಲ್ಲಿ ನೊಬೆಲ್ ಹಂಚಿಕೊಂಡ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್ ದಶಕಗಳ ಕಾಲ ಇಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ನಿರ್ದೇಶಕಿಯಾಗಿದ್ದವರು. 2004ರಲ್ಲಿ ಅವರು ತಮ್ಮ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಪುಟ್ಟ ಮಕ್ಕಳಿರುವ ಯುವ ವಿಜ್ಞಾನಿ ತಾಯಂದಿರಿಗೆ ಅದು ತಿಂಗಳು ತಿಂಗಳು ಹಣ ಕೊಡುತ್ತದೆ. ಆ ಹಣ ಪುಸ್ತಕಕ್ಕಲ್ಲ, ಉಪಕರಣಕ್ಕಲ್ಲ. ಮನೆ ಗುಡಿಸುವವರಿಗೆ, ಸಂಜೆ ಮಗುವನ್ನು ನೋಡಿಕೊಳ್ಳುವವರಿಗೆ. ಪ್ರತಿಭೆಗೆ ಹೊಗಳಿಕೆಗಿಂತ ಹೆಚ್ಚು ಬೇಕಾದದ್ದು ಹೊತ್ತು ಎಂದು ನೊಬೆಲ್ ಪಡೆದ ಹೆಂಗಸು ಕಂಡುಕೊಂಡಿದ್ದಾರೆ. ಆ ಹೊತ್ತನ್ನು ಬೇರೆ ಯಾರೋ ಕೊಡಬೇಕಾಗುತ್ತದೆ, ಕೊಟ್ಟವರಿಗೆ ಬೆಲೆ ಕಟ್ಟಬೇಕಾಗುತ್ತದೆ.

ಇಷ್ಟು ದೂರ ಬಂದು ಇದನ್ನೆಲ್ಲ ಕಲಿತೆ ಎಂದರೆ ನಮ್ಮ ನಾಡಿಗೆ ಇದು ಗೊತ್ತೇ ಇರಲಿಲ್ಲ ಎಂದಾಗಬಾರದು. ಕೃತಜ್ಞತೆಯನ್ನು ಬಾಯಲ್ಲಿ ಹೇಳದೆ ಬಿಡುವಿನ ರೂಪದಲ್ಲಿ ಕೊಡುವುದು ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಕಾರಹುಣ್ಣಿಮೆಯ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಮೆರೆಸುತ್ತಾರೆ. ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ನೆಲಕ್ಕೆ ಗುದ್ದಲಿ ತಾಗಿಸುವುದಿಲ್ಲ, ಭೂಮಿ ಆ ದಿನಗಳಲ್ಲಿ ಮುಟ್ಟಾಗಿದ್ದಾಳೆ, ಅವಳಿಗೆ ವಿಶ್ರಾಂತಿ ಬೇಕು ಎಂಬ ನಂಬಿಕೆ. ಆಯುಧಪೂಜೆಯ ದಿನ ಕತ್ತಿ ನೇಗಿಲಿನಿಂದ ಹಿಡಿದು ಲಾರಿ ಬಸ್ಸಿನವರೆಗೆ ದುಡಿಯುವ ಎಲ್ಲಕ್ಕೂ ಕುಂಕುಮ. ಪೂಜೆಗಿಟ್ಟ ಸಲಕರಣೆಯನ್ನು ಅಂದು ಕೆಲಸಕ್ಕೆ ಮುಟ್ಟಬಾರದು. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಬಂದರೆ ತೆನೆ ಹೊತ್ತ ಗದ್ದೆ ಬಸುರಿ ಹೆಂಗಸು. ಅವಳ ಬಯಕೆ ತೀರಿಸಲು ಬಗೆಬಗೆಯ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿಟ್ಟುಕೊಂಡು ನಸುಕಿನಲ್ಲೇ ಗದ್ದೆಗೆ ಒಯ್ದು ಬಡಿಸುತ್ತಾರೆ.

ಎಷ್ಟು ದೊಡ್ಡ ಮನಸ್ಸು! ಎತ್ತಿಗೆ ರಜೆ, ನೆಲಕ್ಕೆ ರಜೆ, ನೇಗಿಲಿಗೆ ರಜೆ. ಆದರೆ ಆ ದಿನಗಳಲ್ಲೆಲ್ಲ ಒಲೆಯ ಮುಂದೆ ಯಾರಿದ್ದರು? ಕಾರಹುಣ್ಣಿಮೆಯ ಹೋಳಿಗೆ ಬೇಯಿಸಿದವರು ಹೆಂಗಸರು. ಬಸುರಿ ಭೂಮಿಗೆ ಬಡಿಸಲು ರಾತ್ರಿಯಿಡೀ ನಿದ್ದೆಗೆಟ್ಟು ಅಡುಗೆ ಮಾಡುವವರೂ ಹೆಂಗಸರು, ಅವರಲ್ಲಿ ನಿಜವಾದ ಬಸುರಿಯರೂ ಇದ್ದಾರು. ಮನೆಯಲ್ಲಿ ದುಡಿಯುವ ಎಲ್ಲಕ್ಕೂ ಒಂದೊಂದು ಹಬ್ಬ ಮಾಡಿದ ನಾವು, ಆ ಹಬ್ಬಗಳ ಖರ್ಚನ್ನೆಲ್ಲ ಒಬ್ಬಳ ಹೊತ್ತಿನ ಮೇಲೆ ಹಾಕಿದೆವು. ಅವಳ ನಂತರ ಇನ್ನೊಬ್ಬಳಿದ್ದಾಳೆ. ಸಾಗರದ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಾಕೆಗೆ ದಿನಕ್ಕೆ ಒಂದು ಹೊತ್ತಿನ ಕೆಲಸ. ಹಬ್ಬದ ದಿನ ಮಾತ್ರ ಎರಡು ಹೊತ್ತು, ಪಾತ್ರೆ ಹೆಚ್ಚು ಬೀಳುತ್ತಿತ್ತಲ್ಲ. ಅಮ್ಮ ಶಾಲೆಗೆ ಹೋಗಲು, ನಾನು ಓದಲು ಆ ಕೈಗಳೂ ಕಾರಣ. ಮನೆಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡುವುದರಲ್ಲಿ ಕರ್ನಾಟಕ ಮುಂದಿತ್ತು, 2004ರಲ್ಲೇ ಮಾಡಿತು. ಆದರೂ ಎಷ್ಟು ಮನೆಗಳಲ್ಲಿ ಅವರಿಗೆ ವಾರದ ರಜೆಯಿದೆ? ಪರದೇಶದಲ್ಲಿ ಕೂತು ನಾವು ಬರೆಯುವ ಕೃತಜ್ಞತೆಯ ಪಟ್ಟಿಯಲ್ಲಿ ಅಮ್ಮ ಇರುತ್ತಾಳೆ, ಗುರುಗಳು ಇರುತ್ತಾರೆ, ದೇವರು ಇರುತ್ತಾನೆ. ಆಕೆ ಇರುವುದಿಲ್ಲ. ಒಂದು ಭಾನುವಾರ ಈ ಮಾತು ತೆಗೆದಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಿಜ, ನಂಗೂ ಯಾವತ್ತೂ ತೋಚಿರ್ಲಿಲ್ಲ’ ಎಂದಳು.

ಅಮ್ಮ ಊರಿಗೆ ಮರಳಿದ ಮೇಲೆ ಬಂದ ಆಯುಧಪೂಜೆಯ ಸುದ್ದಿಯನ್ನು ನನ್ನ ತಮ್ಮ ಫೋನಿನಲ್ಲಿ ನಗುತ್ತ ಹೇಳಿದ. ಬೆಳಿಗ್ಗೆ ಅಪ್ಪ ಸ್ಕೂಟರಿಗೆ ಹೂ ಹಾಕಿ, ಕತ್ತಿ ಹಾರೆಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟಿದ್ದರಂತೆ. ಅಮ್ಮ ಒಳಗೆ ಗ್ಯಾಸ್ ಒಲೆ, ಮಿಕ್ಸಿ, ಈಳಿಗೆಮಣೆ ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಹಚ್ಚಿ, ಒಂದೊಂದು ಹೂ ಇಟ್ಟಳಂತೆ. ಹನ್ನೊಂದು ಗಂಟೆಯಾದರೂ ಅಡುಗೆಯ ಸುಳಿವಿಲ್ಲ. ಅಪ್ಪ ಮೆಲ್ಲಗೆ ವಿಚಾರಿಸಿದಾಗ, ‘ಪೂಜೆಗಿಟ್ಟ ಆಯುಧ ಇವತ್ತು ಮುಟ್ಟೋ ಹಾಗಿಲ್ಲ, ನೀವೇ ಅಲ್ವಾ ಪ್ರತಿವರ್ಷ ಹೇಳೋದು?’ ಎಂದಳಂತೆ. ಪಾತ್ರೆಗೆ ಬರುವಾಕೆಗೂ ಅಂದು ಸಂಬಳ ಸಹಿತ ರಜೆ ಎಂದು ಹಿಂದಿನ ದಿನವೇ ಹೇಳಿಯಾಗಿತ್ತು. ಅಪ್ಪನೂ ತಮ್ಮನೂ ಅವಲಕ್ಕಿ ನೆನೆಸಿ, ಮೊಸರು ಬೆಲ್ಲ ಕಲಸಿ ಬಡಿಸಿದರು. ಬಂದ ನೆಂಟರಿಗೂ ಅದೇ. ಒಬ್ಬಿಬ್ಬರು ಮೂಗು ಮುರಿದರಂತೆ, ಹಸಿದು ಎದ್ದವರು ಯಾರೂ ಇಲ್ಲ.

ಪರದೇಶದಲ್ಲಿರುವ ಮಕ್ಕಳು ಮನೆಗೆ ದುಡ್ಡು ಕಳಿಸುತ್ತಾರೆ, ಹುಟ್ಟುಹಬ್ಬಕ್ಕೆ ಕೇಕು ಕಳಿಸುತ್ತಾರೆ, ತಾಯಂದಿರ ದಿನಕ್ಕೆ ಚಿತ್ರ ಹಾಕುತ್ತಾರೆ. ತಪ್ಪೇನಿಲ್ಲ. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಬಹುದು. ನಮ್ಮ ಓದಿನ ಒಂದು ದಿನವನ್ನು ತೆಗೆದುಕೊಂಡು, ಆ ದಿನ ನಡೆಯಲು ಯಾರ ಯಾರ ಹೊತ್ತು ಸೇರಿತು ಎಂದು ಬರೆದು ನೋಡಬೇಕು. ಸಂಗಾತಿಯದೆಷ್ಟು, ಶಿಶುವಿಹಾರದ ಶಿಕ್ಷಕಿಯದೆಷ್ಟು, ಊರಿನಲ್ಲಿ ಮನೆ ನಡೆಸುತ್ತಿರುವವರದೆಷ್ಟು. ಆಮೇಲೆ ಅವರಲ್ಲಿ ಒಬ್ಬರಿಗೆ, ಈ ವಾರವೇ, ಅವರ ಕೆಲಸದಲ್ಲಿ ಒಂದನ್ನು ತೆಗೆದು ನಾವು ಮಾಡಬೇಕು ಅಥವಾ ಮಾಡಿಸಬೇಕು. ದೂರವಿದ್ದರೆ ಅಣ್ಣತಮ್ಮಂದಿರಿಗೆ, ಅಪ್ಪನಿಗೆ ಹೇಳಿ ಪಾಳಿ ಹಾಕಿಸಬೇಕು. ಅದಕ್ಕೆ ವೀಸಾ ಬೇಕಿಲ್ಲ. ನಮ್ಮ ಮನೆಯಲ್ಲಿ ಈಗ ಶನಿವಾರ ಭಾನುವಾರ ಒಲೆ ನನ್ನದು. ಗಂಡ ಮಗಳನ್ನು ಕರೆದುಕೊಂಡು ನದೀತೀರಕ್ಕೆ ಹೋಗುತ್ತಾರೆ, ಇಲ್ಲವೇ ಮಧ್ಯಾಹ್ನದವರೆಗೆ ಮಲಗುತ್ತಾರೆ. ಅವರಿಗೆ ಯಾವತ್ತೂ ಥ್ಯಾಂಕ್ಸ್ ಹೇಳಿದ ನೆನಪಿಲ್ಲ, ಅವರೂ ಕೇಳಿಲ್ಲ. ಸಾರಿಗೆ ಉಪ್ಪು ಸರಿಯಿದೆಯೇ ಎಂದು ನೋಡಲು ಒಳಗೆ ಬಂದರೆ ಮಾತ್ರ, ಪಾಳಿ ನನ್ನದು ಎಂದು ಹೊರಗೆ ಕಳಿಸುತ್ತೇನೆ.